ಬೆನ್ನ ಮೇಲಿನ ಹೆಸರನ್ನು ನಂಬಬಹುದೇ? ಆಟದಲ್ಲಿ ತೊಟ್ಟ ಕಾಲೇಜು ಐಸ್ ಹಾಕಿ ಜೆರ್ಸಿಯ ಪರೀಕ್ಷೆ

ಬಿಳಿಮಂಜು, ಮಿನಿಯಾಪೊಲಿಸ್
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇನ್ನು ಹದಿನಾಲ್ಕು ದಿನಗಳಲ್ಲಿ ನಾನೊಂದು ತೀರ್ಮಾನಕ್ಕೆ ಬರಬೇಕಾಗಿದೆ. ಅನುಭವಸ್ಥರ ನೆರವು ಬೇಕು.

ಶಿವಮೊಗ್ಗದಲ್ಲಿ ಬೆಳೆದ ನನಗೆ ಹಾಕಿ ಎಂದರೆ ಮಣ್ಣಿನ ಮೈದಾನ, ಬೆತ್ತದ ಹಿಡಿಯ ಸ್ಟಿಕ್. ಮಿನೆಸೋಟಾಕ್ಕೆ ಬಂದ ಮೇಲೆ ಅದೇ ಹೆಸರಿನ ಬೇರೆಯೇ ಆಟವನ್ನು ನನಗೆ ಕಲಿಸಿದವಳು ಮಗಳು. ಚಳಿಗಾಲದ ಶುಕ್ರವಾರ, ಶನಿವಾರಗಳಲ್ಲಿ ನಾವಿಬ್ಬರೂ ವಿಶ್ವವಿದ್ಯಾಲಯದ ಐಸ್ ಹಾಕಿ ಕ್ರೀಡಾಂಗಣದಲ್ಲಿಯೇ ಇರುತ್ತೇವೆ. ಮೂರು ವರ್ಷಗಳಿಂದ ಆಟಗಾರರು ತೊಟ್ಟ ಜೆರ್ಸಿಗಳನ್ನು ಸಂಗ್ರಹಿಸುತ್ತಿದ್ದೇನೆ. ಈವರೆಗೆ ಕೊಂಡ ನಾಲ್ಕೂ ಕಾಲೇಜಿನವರೇ ನಡೆಸಿದ ಮಾರಾಟದಲ್ಲಿ ಸಿಕ್ಕಿದ್ದವು, ಹಾಗಾಗಿ ಸಂದೇಹಕ್ಕೆ ಎಡೆಯಿರಲಿಲ್ಲ.

ಈಗ ಕೊಂಡಿರುವುದು ಎದುರಾಳಿಯದು: ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ಬಿಳಿ ಜೆರ್ಸಿ. ಎದೆಯ ಮೇಲೆ ಸೂ ಎಂಬ ಮೂಲನಿವಾಸಿ ಜನಾಂಗದ ಯೋಧನ ಮುಖವಿರುವ ಹಳೆಯ ಲಾಂಛನ. ಬೆನ್ನ ಮೇಲೆ ಎರಡಂಕಿಯ ಸಂಖ್ಯೆ, ಅದರ ಮೇಲೆ ಐದಕ್ಷರದ ಹೆಸರು. ಆ ಹೆಸರಿನವನು ಅಲ್ಲಿ ಎರಡು ವರ್ಷ ಆಡಿ ಮುಂದೆ ಅಮೆರಿಕ, ಕೆನಡಾಗಳ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಆಟಗಾರನಾದ. ಅವನ ಹೆಸರನ್ನೂ ಸಂಖ್ಯೆಯನ್ನೂ ಸದ್ಯಕ್ಕೆ ಬರೆಯುವುದಿಲ್ಲ. ವಿಷಯ ಇತ್ಯರ್ಥವಾಗುವ ಮೊದಲೇ ಸುದ್ದಿ ಹಬ್ಬಿ ಯಾರಿಗೂ ತೊಂದರೆಯಾಗುವುದು ಬೇಡ. 850 ಡಾಲರ್ ಕೊಟ್ಟಿದ್ದೇನೆ. ಒಪ್ಪಿಗೆಯಾಗದಿದ್ದರೆ ಎರಡು ವಾರದೊಳಗೆ ಹಿಂದಿರುಗಿಸಬಹುದು.

ಚಿತ್ರಗಳನ್ನು ಹಾಕಿದ್ದೇನೆ. ನನಗೆ ಕಂಡದ್ದು ಇಷ್ಟು. ಬಲತೋಳಿನ ಮೇಲೆ ಕಪ್ಪು ಗೀರುಗಳಿವೆ. ಎಡ ಮೊಣಕೈಯ ಬಳಿ ಎರಡು ಅಂಗುಲದ ಹರಿದ ಜಾಗವನ್ನು ಹೊಲಿದಿದ್ದಾರೆ. ಕೊರಳಪಟ್ಟಿ ಒಳಗಡೆ ಹಳದಿಗಟ್ಟಿದೆ. ಕೆಳ ಅಂಚಿನ ಬಟ್ಟೆ ಜುಂಗೆದ್ದಿದೆ. ಮಾರಾಟಗಾರರ ಸಹಿಯಿರುವ ಪ್ರಮಾಣಪತ್ರವೊಂದು ಜೊತೆಗೆ ಬಂದಿದೆ. ಆದರೆ ಒಳಗಡೆ ಫೈಟ್ ಸ್ಟ್ರ್ಯಾಪ್ ಇಲ್ಲ. ಅದು ಇಲ್ಲದಿದ್ದರೆ ಅಂಗಡಿಯ ಸರಕು ಎಂದು ಎಲ್ಲೋ ಓದಿದ ನೆನಪು. ಅದಕ್ಕೇ ನಿದ್ದೆ ಬರುತ್ತಿಲ್ಲ.

ಹುರಿಯಾಳು, ಆನ್ ಆರ್ಬರ್
ಶನಿವಾರ, ರಾತ್ರಿ 11:15

ಮೊದಲು ನಿದ್ದೆ ಮಾಡಿ. ಫೈಟ್ ಸ್ಟ್ರ್ಯಾಪ್ ಇಲ್ಲದ್ದು ಇಲ್ಲಿ ದೋಷವೇ ಅಲ್ಲ.

ಆ ಪಟ್ಟಿ ಇರುವುದು ಜಗಳದಲ್ಲಿ ಎದುರಾಳಿ ಜೆರ್ಸಿಯನ್ನು ತಲೆಯ ಮೇಲಕ್ಕೆ ಎಳೆಯದಂತೆ ಅದನ್ನು ಪ್ಯಾಂಟಿಗೆ ಬಿಗಿಯಲು. ಎನ್‌ಎಚ್‌ಎಲ್‌ನಲ್ಲಿ ಜಗಳಕ್ಕೆ ಐದು ನಿಮಿಷದ ಶಿಕ್ಷೆ, ಅಷ್ಟೆ. ಬಫಲೊ ತಂಡದ ರಾಬ್ ರೇ ಜಗಳದ ನಡುವೆ ತನ್ನ ಜೆರ್ಸಿಯನ್ನೇ ಕಳಚಿ ಎಸೆಯುತ್ತಿದ್ದುದರಿಂದ ಅಲ್ಲಿ ಆ ಪಟ್ಟಿ ಕಡ್ಡಾಯವಾಯಿತು. ಕಾಲೇಜು ಹಾಕಿಯ ನಿಯಮವೇ ಬೇರೆ. ಜಗಳವಾಡಿದವನು ಆ ಪಂದ್ಯದಿಂದ ಹೊರನಡೆಯಬೇಕು, ಮುಂದಿನ ಪಂದ್ಯವನ್ನೂ ಕಳೆದುಕೊಳ್ಳಬೇಕು. ಹಾಗಾಗಿ ಎಷ್ಟೋ ಕಾಲೇಜು ಜೆರ್ಸಿಗಳಲ್ಲಿ ಪಟ್ಟಿಯೇ ಇರುವುದಿಲ್ಲ. ಎನ್‌ಎಚ್‌ಎಲ್‌ನ ಅಳತೆಗೋಲು ಹಿಡಿದು ಕಾಲೇಜು ಜೆರ್ಸಿಯನ್ನು ಅಳೆದವರು ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಕೊಂಡದ್ದನ್ನು ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಎನ್‌ಎಚ್‌ಎಲ್ ತಂಡಗಳಿಗೆ ಹಣದ ಕೊರತೆಯಿಲ್ಲ. ಒಬ್ಬ ಆಟಗಾರನಿಗೆ ಒಂದೇ ಋತುವಿನಲ್ಲಿ ಎರಡು ಮೂರು ಜೊತೆ ಜೆರ್ಸಿ ಹೊಲಿಸುತ್ತಾರೆ. ನ್ಯೂಜೆರ್ಸಿಯ ಮೇಗ್ರೇಯಂತಹ ಸಂಸ್ಥೆಗಳು ಅವನ್ನು ತಂಡದಿಂದಲೇ ನೇರವಾಗಿ ಪಡೆದು, ಗುರುತುಸಂಖ್ಯೆ ಹಾಕಿ ಮಾರುತ್ತವೆ. ಕಾಲೇಜುಗಳಲ್ಲಿ ಹಾಗಿಲ್ಲ. ಒಂದೇ ಜೆರ್ಸಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಋತು ಓಡುತ್ತದೆ. ಆಟಗಾರ ಪದವಿ ಮುಗಿಸಿ ಹೋಗುತ್ತಾನೆ, ಜೆರ್ಸಿ ಉಳಿಯುತ್ತದೆ. ಬೆನ್ನ ಮೇಲೆ ಹೊಲಿದ ಹೆಸರಿನ ಬಟ್ಟೆಪಟ್ಟಿಯನ್ನು ಬಿಚ್ಚಿ, ಅದೇ ಸಂಖ್ಯೆಗೆ ಬಂದ ಹೊಸ ಹುಡುಗನ ಹೆಸರು ಹೊಲಿಯುತ್ತಾರೆ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ.

ಆದ್ದರಿಂದ ನಿಮ್ಮ ಮುಂದಿರುವುದು ಒಂದು ಪ್ರಶ್ನೆಯಲ್ಲ, ಎರಡು. ಇದನ್ನು ತೊಟ್ಟು ಆಡಿದ್ದಾರೆಯೇ? ಆಡಿದ್ದರೆ, ಯಾರು? ಗೀರು, ಹರಕು, ಬೆವರಿನ ಕಲೆ ಇವೆಲ್ಲ ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯದಕ್ಕೆ ಅವು ಬಾಯಿ ಬಿಡುವುದಿಲ್ಲ. ಬಹಳ ಜನ ಕೈ ಸುಟ್ಟುಕೊಳ್ಳುವುದು ಈ ಎರಡನ್ನೂ ಒಂದೇ ಎಂದುಕೊಂಡಾಗ.

ಪ್ರಮಾಣಪತ್ರವನ್ನು ಪಕ್ಕಕ್ಕಿಡಿ. ಮಾರುವವನೇ ತನ್ನ ಸರಕಿಗೆ ಬರೆದುಕೊಟ್ಟ ಚೀಟಿ ಅದು. ತಂಡದ ಸಾಮಗ್ರಿ ನೋಡಿಕೊಳ್ಳುವವರು ಬರೆದದ್ದಾಗಿದ್ದರೆ ಮಾತು ಬೇರೆ.

ಲೆಕ್ಕಪತ್ರ, ಡಲ್ಲಾಸ್
ಭಾನುವಾರ, ಬೆಳಿಗ್ಗೆ 7:20

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಪರೀಕ್ಷಿಸಿ ಕೊಡುವ ಸಂಸ್ಥೆಗಳಿವೆ. ಹಣ ಕಟ್ಟಿ ಅವರಿಗೆ ಕಳುಹಿಸಿ, ಅವರು ಬರೆದುಕೊಟ್ಟದ್ದು ದಾಖಲೆ. ನಾಳೆ ಮಾರುವಾಗಲೂ ಅದಕ್ಕೇ ಬೆಲೆ. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡದ ವಿರುದ್ಧ ಅಮೆರಿಕದ ಐಸ್ ಹಾಕಿ ತಂಡಕ್ಕೆ ಗೆಲುವಿನ ಗೋಲು ಹೊಡೆದ ಮೈಕ್ ಎರುಜಿಯೋನಿಯ ಜೆರ್ಸಿ 2013ರಲ್ಲಿ 6,57,250 ಡಾಲರಿಗೆ ಹೋಯಿತು. ಅಂತಹ ಹಣ ಬರುವುದು ಕಾಗದಪತ್ರ ಸರಿಯಿದ್ದಾಗ.

ಹುರಿಯಾಳು, ಆನ್ ಆರ್ಬರ್
ಭಾನುವಾರ, ಬೆಳಿಗ್ಗೆ 8:05

ಅದೇ ಉದಾಹರಣೆಯನ್ನು ಇನ್ನೊಮ್ಮೆ ನೋಡಿ. ಆ ಜೆರ್ಸಿಯನ್ನು ಹರಾಜಿಗೆ ಇಟ್ಟವರು ಎರುಜಿಯೋನಿಯೇ. ಆಡಿದ ದಿನದಿಂದ ಅದು ಅವರ ಬಳಿಯೇ ಇತ್ತು. ಬೆಲೆ ಬಂದದ್ದು ಕೈಯಿಂದ ಕೈಗೆ ಬಂದ ದಾರಿ ಸ್ಪಷ್ಟವಿದ್ದುದರಿಂದ.

ಕಾಲೇಜು ಜೆರ್ಸಿಗಳಿಗೆ ಆ ದಾರಿಯೇ ಮಸುಕು. ಕಾರಣವೂ ಇದೆ. ವಿದ್ಯಾರ್ಥಿ ಆಟಗಾರರು ತಮ್ಮ ಜೆರ್ಸಿಗಳನ್ನು ಮಾರಿಕೊಳ್ಳುವುದು ನಿಷಿದ್ಧವಾಗಿತ್ತು. 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಎ. ಜೆ. ಗ್ರೀನ್ ತಾನು ತೊಟ್ಟ ಜೆರ್ಸಿಯನ್ನು 1,000 ಡಾಲರಿಗೆ ಮಾರಿದ್ದಕ್ಕೆ ನಾಲ್ಕು ಪಂದ್ಯ ಹೊರಗೆ ಕೂರಬೇಕಾಯಿತು. ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಲು ಕಾಲೇಜು ಆಟಗಾರರಿಗೆ ಅವಕಾಶ ಸಿಕ್ಕಿದ್ದು 2021ರ ಜುಲೈ 1ರಿಂದ. ಅದಕ್ಕೂ ಹಿಂದಿನ ಜೆರ್ಸಿ ಎಂದರೆ ಕಾಲೇಜಿನ ವರ್ಷಾಂತ್ಯದ ಮಾರಾಟ, ಧರ್ಮಾರ್ಥ ಹರಾಜು, ಪದವೀಧರನಿಗೆ ಕೊಟ್ಟ ಉಡುಗೊರೆ, ಇಲ್ಲವೇ ಹಿಂಬಾಗಿಲು. ಮಾರಿದವರನ್ನು ಮೊದಲು ಇದನ್ನೇ ಕೇಳಿ: ನಿಮಗೆ ಎಲ್ಲಿಂದ ಬಂತು?

ಸಂಸ್ಥೆಗೆ ಕಳುಹಿಸುವುದು ತಪ್ಪಲ್ಲ. ಆದರೆ ಅವರು ಮಾಡುವ ಮುಖ್ಯ ಕೆಲಸ ಹಳೆಯ ಛಾಯಾಚಿತ್ರದೊಡನೆ ಹೋಲಿಸುವುದು. ಅದನ್ನು ನಾವೂ ಮಾಡಬಹುದು, ತಾಳ್ಮೆ ಇರಬೇಕು.

ಕೆಂಪುನದಿ, ಫಾರ್ಗೊ
ಭಾನುವಾರ, ಮಧ್ಯಾಹ್ನ 12:30

ಲಾಂಛನದ ಬಗ್ಗೆ ನಾನು ಹೇಳಬಲ್ಲೆ. ಆ ವಿಶ್ವವಿದ್ಯಾಲಯವಿರುವ ಗ್ರ್ಯಾಂಡ್ ಫೋರ್ಕ್ಸ್ ನಮ್ಮಲ್ಲಿಂದ 80 ಮೈಲಿ.

ಎದೆಯ ಮೇಲಿರುವ ಆ ಮುಖವನ್ನು ಬರೆದವರು ಚಿಪ್ಪೆವಾ ಎಂಬ ಮೂಲನಿವಾಸಿ ಜನಾಂಗದ ಕಲಾವಿದ ಬೆನೆಟ್ ಬ್ರೀನ್. ಬಳಕೆಗೆ ಬಂದದ್ದು 1999ರಲ್ಲಿ. ಮೂಲನಿವಾಸಿಗಳ ಹೆಸರು, ಚಿತ್ರಗಳನ್ನು ತಂಡಗಳು ಬಳಸುವುದರ ವಿರುದ್ಧ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 2005ರಲ್ಲಿ ನಿಲುವು ತಳೆಯಿತು. ಸೂ ಜನಾಂಗದ ಸ್ಪಿರಿಟ್ ಲೇಕ್ ಬುಡಕಟ್ಟಿನವರು 2009ರಲ್ಲಿ ಮತ ಹಾಕಿ ತಂಡದ ಫೈಟಿಂಗ್ ಸೂ ಎಂಬ ಹೆಸರು ಉಳಿಯಲಿ ಎಂದರು, ಅದೇ ಜನಾಂಗದ ಸ್ಟ್ಯಾಂಡಿಂಗ್ ರಾಕ್‌ನವರು ಒಪ್ಪಲಿಲ್ಲ. ಕೊನೆಗೆ 2012ರ ಜೂನ್‌ನಲ್ಲಿ ರಾಜ್ಯದ ಮತದಾರರೇ ಹೆಸರನ್ನು ಕೈಬಿಡುವ ಕಡೆಗೆ ಮತ ಹಾಕಿದರು. ಮೂರು ವರ್ಷ ತಂಡಕ್ಕೆ ಅಡ್ಡಹೆಸರೇ ಇರಲಿಲ್ಲ. 2015ರ ನವೆಂಬರ್‌ನಲ್ಲಿ ಫೈಟಿಂಗ್ ಹಾಕ್ಸ್ ಆಯಿತು. ಅಂದರೆ ನಿಮ್ಮ ಜೆರ್ಸಿ 1999ರಿಂದ 2012ರ ನಡುವಿನದು, ಅಥವಾ ಅದನ್ನು ನೋಡಿ ಆಮೇಲೆ ಮಾಡಿದ್ದು.

ಇಲ್ಲೇ ಅಪಾಯವೂ ಇದೆ. ಹೆಸರು ಹೋಗುತ್ತದೆ ಎಂದಾಗ ಜನ ಅಂಗಡಿಗಳಿಗೆ ಮುಗಿಬಿದ್ದು ಆ ಲಾಂಛನದ ಜೆರ್ಸಿ ಕೊಂಡರು. ಅವು ಈಗಲೂ ಮನೆಮನೆಗಳಲ್ಲಿವೆ. ಅಂಗಡಿಯ ಜೆರ್ಸಿಗೆ ಗೀರು ಹಾಕಿ, ಸಾಣೆಕಾಗದ ಉಜ್ಜಿ ಹಳೆಯದು ಮಾಡುವವರೂ ಇದ್ದಾರೆ. ಲಾಂಛನವೆಂದರೆ ಇಲ್ಲಿನ ಸೂ ಜನಾಂಗದ ಹಲವು ಲಕೋಟಾ, ಡಕೋಟಾ ಕುಟುಂಬಗಳಿಗೆ ಮನಸ್ಸು ನೋಯುವ ವಿಷಯವೂ ಹೌದು. ಮನೆಯ ಗೋಡೆಗೆ ತೂಗುಹಾಕುವ ಮೊದಲು ಅದನ್ನು ನೆನಪಿಡಿ ಎಂದು ನನ್ನ ವಿನಂತಿ.

ಬಿಳಿಮಂಜು, ಮಿನಿಯಾಪೊಲಿಸ್
ಭಾನುವಾರ, ಮಧ್ಯಾಹ್ನ 1:10

ತೂಗುಹಾಕುವುದಿಲ್ಲ. ನನ್ನ ಜೆರ್ಸಿಗಳೆಲ್ಲ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿರುತ್ತವೆ. ನೀವು ಹೇಳಿದ್ದನ್ನು ಮಗಳಿಗೂ ಓದಿ ಹೇಳಿದೆ.

ಕಾವೇರಿತೀರ, ವಿರಾಜಪೇಟೆ
ಭಾನುವಾರ, ಮಧ್ಯಾಹ್ನ 1:45

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಮಂಜಿನ ಮೇಲೆ ಆಡುವ ಹಾಕಿಯನ್ನು ಟಿವಿಯಲ್ಲಿ ಮಾತ್ರ ನೋಡಿದವಳು. ನಮ್ಮ ಕಡೆ ಜೆರ್ಸಿ ಆಡಿದ್ದೋ ಅಲ್ಲವೋ ಎಂದು ಮಣ್ಣಿನ ಕಲೆ, ಹುಲ್ಲಿನ ಕಲೆ ನೋಡಿದರೆ ಗೊತ್ತಾಗುತ್ತದೆ. ಮಣ್ಣೇ ಇಲ್ಲದ ಕಡೆ ಬಟ್ಟೆಗೆ ಗುರುತು ಹೇಗೆ ಬೀಳುತ್ತದೆ?

ಹುರಿಯಾಳು, ಆನ್ ಆರ್ಬರ್
ಭಾನುವಾರ, ಸಂಜೆ 4:00

ಒಳ್ಳೆಯ ಪ್ರಶ್ನೆ ತಂಗಿ. ಮಣ್ಣಿಲ್ಲ, ಆದರೆ ರಬ್ಬರ್ ಇದೆ. ಚೆಂಡಿನ ಬದಲು ಬಳಸುವ ಪಕ್ ಗಟ್ಟಿಯಾದ ಕಪ್ಪು ರಬ್ಬರ್. ಅದು ಬಡಿದ ಕಡೆ ಮಸಿ ಉಜ್ಜಿದಂತಹ ಗುರುತು ಉಳಿಯುತ್ತದೆ, ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಸ್ಟಿಕ್ಕಿನ ತುದಿಗೆ ಸುತ್ತಿದ ಕಪ್ಪು ಟೇಪೂ ತೋಳಿನ ಮೇಲೆ ಗೀರೆಳೆಯುತ್ತದೆ. ಅಂಕಣದ ಸುತ್ತಲಿನ ತಡೆಗೋಡೆಗೆ ಆಟಗಾರ ವೇಗವಾಗಿ ಉಜ್ಜಿಕೊಂಡರೆ ಪಾಲಿಯೆಸ್ಟರ್ ಎಳೆ ಕರಗಿದಂತಾಗಿ ಹೊಳಪು ಬರುತ್ತದೆ. ಅದನ್ನು ನಾವು ಸುಟ್ಟ ಗುರುತು ಎನ್ನುತ್ತೇವೆ. ಗೋಲ್‌ಕೀಪರನ ಜೆರ್ಸಿಯಾದರೆ ಗೋಲುಕಂಬದ ಕೆಂಪು ಬಣ್ಣ ಹತ್ತಿರುತ್ತದೆ. ಮೊಣಕೈ ಕವಚದ ವೆಲ್ಕ್ರೊ ತೋಳಿನ ಒಳಮೈಯನ್ನು ಕಿತ್ತು ಜುಂಗು ಎಬ್ಬಿಸುತ್ತದೆ. ಮೋಸ ಮಾಡುವವರು ಇದನ್ನು ಮರೆಯುತ್ತಾರೆ. ಅವರು ಉಜ್ಜುವುದು ಹೊರಗೆ ಮಾತ್ರ.

ಎಲ್ಲಕ್ಕಿಂತ ಮುಖ್ಯ, ನಿಜವಾದ ಸವೆತ ಎಲ್ಲೆಡೆ ಸಮನಾಗಿರುವುದಿಲ್ಲ. ಸ್ಟಿಕ್ಕನ್ನು ಎಡಕ್ಕೆ ಹಿಡಿದು ಹೊಡೆಯುವವನ ಬಲಗೈ ಮೇಲಿರುತ್ತದೆ, ಎಡಗೈ ಕೆಳಗೆ. ಎರಡು ತೋಳುಗಳ ಸವೆತವೂ ಅದರಂತೆ ಬೇರೆಬೇರೆ. ಕಾಲೇಜು ತಂಡಕ್ಕೆ ಋತುವಿನಲ್ಲಿ ಸುಮಾರು 34 ಪಂದ್ಯ, ಅದರಲ್ಲಿ ಬಿಳಿ ಜೆರ್ಸಿ ಸಾಮಾನ್ಯವಾಗಿ ತವರಿನಲ್ಲಿ ಮಾತ್ರ. ಒಂದೇ ಋತುವಿನ ಬಿಳಿ ಜೆರ್ಸಿ ಗಾಣಕ್ಕೆ ಹಾಕಿ ತೆಗೆದಂತಿದ್ದರೆ ನನಗೆ ಸಂಶಯ ಬರುತ್ತದೆ. ಮೂರು ಋತುವಿನದಾದರೆ ಬರುವುದಿಲ್ಲ.

ಬಿಳಿಮಂಜು ಅವರ ಚಿತ್ರಗಳಲ್ಲಿರುವ ಸವೆತ ನಿಜವಾದದ್ದೇ. ತೋಳಿನ ಒಳಮೈ ನೋಡಿದೆ, ಅಲ್ಲಿ ಅನುಮಾನವಿಲ್ಲ. ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ತೊಟ್ಟು ಆಡಿದ್ದಾರೆ. ಒಂದಕ್ಕಿಂತ ಹೆಚ್ಚು ಋತು.

ಸೂಜಿಮೊನೆ, ಮ್ಯಾಡಿಸನ್
ಭಾನುವಾರ, ರಾತ್ರಿ 8:50

ನನಗೆ ಹಾಕಿ ಅಷ್ಟು ತಿಳಿಯದು. ಮಗ ಆಡುತ್ತಾನೆ, ನಾನು ಅವನ ತಂಡದ ಹರಿದ ಜೆರ್ಸಿಗಳನ್ನು ಹೊಲಿದುಕೊಡುತ್ತೇನೆ. ರಾಣೆಬೆನ್ನೂರಿನಲ್ಲಿ ನಮ್ಮಪ್ಪನದು ಟೇಲರ್ ಅಂಗಡಿ. ಕಾಜಾ ಹೊಲಿಯುವುದರಿಂದ ನನ್ನ ಕಲಿಕೆ ಶುರುವಾಯಿತು. ಹೊಲಿಗೆಯ ಬಗ್ಗೆ ಧೈರ್ಯವಾಗಿ ಮಾತಾಡಬಲ್ಲೆ.

ನೀವೆಲ್ಲ ಜೆರ್ಸಿಯ ಮುಖ ನೋಡುತ್ತಿದ್ದೀರಿ. ಬಿಳಿಮಂಜು ಅವರೇ, ಅದನ್ನು ತಿರುವಿ ಹಾಕಿ. ಬೆನ್ನಿನ ಭಾಗವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಹೊರಗಿನ ಬೆಳಕು ತೂರಿ ಬರುವಂತೆ ಚಿತ್ರ ತೆಗೆಯಿರಿ. ಹೆಸರಿನ ಪಟ್ಟಿಯ ಎರಡೂ ತುದಿಗಳನ್ನು ಹತ್ತಿರದಿಂದ ತೆಗೆಯಿರಿ. ಸೂಜಿ ತೂರಿದ ತೂತು ಬೇಗ ಮುಚ್ಚುವುದಿಲ್ಲ.

ಬಿಳಿಮಂಜು, ಮಿನಿಯಾಪೊಲಿಸ್
ಸೋಮವಾರ, ಬೆಳಿಗ್ಗೆ 8:15

ಅಕ್ಕಾ, ಆರು ಚಿತ್ರ ಹಾಕಿದ್ದೇನೆ. ಹೆಸರಿನ ಪಟ್ಟಿಯ ಎಡಕ್ಕೂ ಬಲಕ್ಕೂ ಸುಮಾರು ಎರಡೆರಡು ಅಂಗುಲ ದೂರದಲ್ಲಿ ಚುಕ್ಕಿಗಳ ಗೆರೆ ಕಾಣುತ್ತಿದೆ. ಮೂರು ದಿನಗಳಿಂದ ಈ ಜೆರ್ಸಿಯನ್ನು ಕೈಯಲ್ಲಿ ಹಿಡಿದು ಕೂತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದೆ ಇಲ್ಲಿ ಉದ್ದದ ಹೆಸರೊಂದು ಇತ್ತು ಎಂದಲ್ಲವೇ? ಆದರೆ ಹುರಿಯಾಳು ಅವರೇ ಹೇಳಿದರಲ್ಲ, ಕಾಲೇಜಿನಲ್ಲಿ ಹೆಸರು ಬದಲಾಯಿಸುತ್ತಾರೆ ಎಂದು. ಉದ್ದದ ಹೆಸರಿನವನು ಮೊದಲು ಆಡಿ, ಅವನ ನಂತರ ನಮ್ಮವನು ತೊಟ್ಟಿರಬಹುದು.

ಸೂಜಿಮೊನೆ, ಮ್ಯಾಡಿಸನ್
ಸೋಮವಾರ, ರಾತ್ರಿ 9:30

ಕೆಲಸದಿಂದ ಬಂದು ಎರಡು ಗಂಟೆ ನೋಡಿದೆ. ಹೇಳುವುದು ಬೇಸರವೇ, ಆದರೂ ಹೇಳಬೇಕು.

ಊರಿನ ಮನೆಯಲ್ಲಿ ಹಳೆಯ ಕ್ಯಾಲೆಂಡರ್ ತೆಗೆದಾಗ ಗೋಡೆಯ ಆ ಭಾಗ ಮಾತ್ರ ಬೆಳ್ಳಗೆ ಉಳಿದಿರುತ್ತದಲ್ಲ, ಅದನ್ನು ನೆನಪಿಗೆ ತಂದುಕೊಳ್ಳಿ. ಉದ್ದದ ಪಟ್ಟಿ ಇದ್ದ ಕಾಲದಲ್ಲಿ ಅದರ ಅಡಿಯ ಬಟ್ಟೆಗೆ ಉಜ್ಜುವಿಕೆ ತಗಲಿಲ್ಲ. ಈಗಿನ ಗಿಡ್ಡ ಪಟ್ಟಿಯ ಎರಡೂ ಪಕ್ಕ ಹೊರಗೆ ಕಾಣುವ ಆ ಎರಡಂಗುಲದ ತುಂಡುಗಳನ್ನು ನೋಡಿ. ಅವು ಸುತ್ತಲಿನ ಬಟ್ಟೆಗಿಂತ ಬೆಳ್ಳಗಿವೆ, ಜುಂಗು ಒಂದಿಷ್ಟೂ ಎದ್ದಿಲ್ಲ. ಅರ್ಧ ಅಂಗುಲ ಆಚೆ ಬಟ್ಟೆ ಗಂಟುಗಂಟಾಗಿದೆ, ಈಚೆ ಹೊಸದರಂತಿದೆ.

ಗಿಡ್ಡ ಪಟ್ಟಿಯನ್ನು ಹೊಲಿದ ಮೇಲೆ ಇದನ್ನು ತೊಟ್ಟು ಒಂದು ಋತುವಾದರೂ ಆಡಿದ್ದರೆ ಆ ತುಂಡುಗಳೂ ಸವೆಯಬೇಕಿತ್ತು. ಭುಜದ ಕವಚ ಒಳಗಿನಿಂದ, ತಡೆಗೋಡೆ ಹೊರಗಿನಿಂದ ಉಜ್ಜುವ ಜಾಗ ಅದು. ಸವೆದಿಲ್ಲ ಎಂದರೆ ಈ ಹೆಸರಿನ ಪಟ್ಟಿ ಒಂದು ಪಂದ್ಯವನ್ನೂ ನೋಡಿಲ್ಲ.

ಇನ್ನೂ ಎರಡು ಗುರುತುಗಳಿವೆ. ಒಳಗಡೆ ಈಗಿನ ಪಟ್ಟಿಯ ನೂಲಿನ ತುದಿಗಳು ಉದ್ದವಾಗಿ, ನಯವಾಗಿ ನಿಂತಿವೆ. ಸಂಖ್ಯೆಯನ್ನು ಹೊಲಿದ ನೂಲಿನ ತುದಿಗಳು ಒಗೆದು ಒಗೆದು ಹತ್ತಿಯಂತೆ ಅರಳಿವೆ. ಮತ್ತೆ, ಗಿಡ್ಡ ಪಟ್ಟಿಯ ಸುತ್ತ ತೂತುಗಳ ಸಾಲು ಒಂದೇ ಇದೆ. ಮೊದಲು ಇವನ ಹೆಸರಿತ್ತು, ಆಮೇಲೆ ಬೇರೆಯವನ ಹೆಸರು ಬಂತು, ಕೊನೆಗೆ ಇವನ ಪಟ್ಟಿಯನ್ನೇ ಪುನಃ ಕೂಡಿಸಿದರು ಎನ್ನುವುದಾದರೆ ಎರಡು ಸಾಲು ಇರಬೇಕಿತ್ತು. ಮಷಿನ್ನಿನಲ್ಲಿ ಹಳೆಯ ತೂತಿಗೇ ಸೂಜಿ ಇಳಿಸಿ ಪೂರ್ತಿ ಸುತ್ತು ಹೊಲಿಯುವುದು ನಮ್ಮಪ್ಪನಿಂದಲೂ ಆಗುತ್ತಿರಲಿಲ್ಲ.

ಲೆಕ್ಕಪತ್ರ, ಡಲ್ಲಾಸ್
ಸೋಮವಾರ, ರಾತ್ರಿ 10:45

ಚಿತ್ರದಲ್ಲಿ ಕಂಡ ಬಿಳುಪನ್ನು ನಂಬಿ 850 ಡಾಲರಿನ ವಿಷಯ ತೀರ್ಮಾನಿಸಬಾರದು. ಬೆಳಕು ಬಿದ್ದ ರೀತಿಯಿಂದಲೂ ಹಾಗೆ ಕಾಣಬಹುದು. ನೇರಳಾತೀತ ದೀಪದಡಿ ನೋಡಿದರೆ ಹೊಸ ನೂಲು ಹೊಳೆಯುತ್ತದೆ ಎನ್ನುತ್ತಾರೆ. ಅದನ್ನು ಮಾಡಿ ನೋಡಿ.

ಸೂಜಿಮೊನೆ, ಮ್ಯಾಡಿಸನ್
ಮಂಗಳವಾರ, ಬೆಳಿಗ್ಗೆ 6:30

ಮಾಡಲಿ, ಆದರೆ ಅದೊಂದನ್ನೇ ನಂಬಬೇಡಿ. ಒಗೆಯುವ ಪುಡಿಯಲ್ಲೂ ಹೊಳಪು ಕೊಡುವ ವಸ್ತು ಇರುತ್ತದೆ, ಹಳೆಯ ಬಟ್ಟೆಯೂ ಅದರಿಂದ ಹೊಳೆಯುತ್ತದೆ. ಹೊಳೆಯುತ್ತದೆಯೇ ಎಂದು ನೋಡುವುದಕ್ಕಿಂತ, ಜೊತೆಯಲ್ಲಿ ಒಗೆಸಿಕೊಂಡಿರಬೇಕಾದ ಎರಡು ನೂಲುಗಳು ಒಂದೇ ಬಗೆಯಲ್ಲಿ ಹೊಳೆಯುತ್ತವೆಯೇ ಎಂದು ನೋಡಿ.

ಕೆಂಪುನದಿ, ಫಾರ್ಗೊ
ಮಂಗಳವಾರ, ಮಧ್ಯಾಹ್ನ 12:10

ಬಿಳಿಮಂಜು ಅವರು ಸಂಖ್ಯೆಯನ್ನು ನನಗೆ ಖಾಸಗಿಯಾಗಿ ತಿಳಿಸಿದರು. ಹಳೆಯ ತಂಡಪಟ್ಟಿಗಳನ್ನು ತೆಗೆದು ನೋಡಿದೆ. ಆ ಪ್ರಸಿದ್ಧ ಆಟಗಾರ ಬಿಟ್ಟುಹೋದ ಮೇಲೆ ಸಂಖ್ಯೆ ಒಂದು ಋತು ಖಾಲಿ ಉಳಿದಿದೆ. ನಂತರ ಒಬ್ಬ ರಕ್ಷಣಾ ಆಟಗಾರನಿಗೆ ಕೊಟ್ಟಿದ್ದಾರೆ, ಅವನು ಮೂರು ಋತು ಅದನ್ನೇ ತೊಟ್ಟಿದ್ದಾನೆ. ಹೆಸರಿನಲ್ಲಿ ಇಂಗ್ಲಿಷಿನ ಒಂಬತ್ತು ಅಕ್ಷರ. ಪ್ರಸಿದ್ಧನಿಗಿಂತ ಮೊದಲು ಆ ಸಂಖ್ಯೆ ತೊಟ್ಟವನ ಹೆಸರೂ ಗಿಡ್ಡವೇ. ಹಾಗಾಗಿ ಉದ್ದದ ಪಟ್ಟಿ ಮೊದಲಿನವನದು ಎನ್ನಲು ಸಾಧ್ಯವಿಲ್ಲ.

ಬಿಳಿಮಂಜು, ಮಿನಿಯಾಪೊಲಿಸ್
ಶುಕ್ರವಾರ, ರಾತ್ರಿ 11:50

ಮೂರು ರಾತ್ರಿ ಇದರಲ್ಲೇ ಕಳೆಯಿತು. ಕಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮುಂದೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ.

ಹುಡುಕಾಟವನ್ನು ತವರಿನ ಪಂದ್ಯಗಳ ಚಿತ್ರಗಳಿಗೆ ಸೀಮಿತಗೊಳಿಸಿದೆ. ಎನ್‌ಎಚ್‌ಎಲ್‌ನಲ್ಲಿ 2003ರಿಂದ ತವರಿನ ತಂಡ ಗಾಢ ಬಣ್ಣ ತೊಡುತ್ತದೆ, ಆದರೆ ಕಾಲೇಜಿನಲ್ಲಿ ಬಿಳಿಯೇ ರೂಢಿ. ಹೀಗೆ ಮಾಡಿದ್ದರಿಂದ ಅರ್ಧದಷ್ಟು ಚಿತ್ರಗಳು ತಾವಾಗಿಯೇ ಬಿಟ್ಟುಹೋದವು. ಪತ್ರಿಕೆಗಳ ಸಂಗ್ರಹ, ವಿಶ್ವವಿದ್ಯಾಲಯದ ಸಂಗ್ರಹ, ಅಭಿಮಾನಿಗಳು ತೆಗೆದವು, ಎಲ್ಲವನ್ನೂ ಸೇರಿಸಿ ಬೆನ್ನು ಅಥವಾ ಪಕ್ಕ ಸ್ಪಷ್ಟವಾಗಿ ಕಾಣುವ 41 ಚಿತ್ರಗಳು ಸಿಕ್ಕವು.

ಮೊದಲು ಗೀರುಗಳನ್ನು ಹೋಲಿಸಲು ಹೋಗಿ ಸೋತೆ. ಗೀರು ಒಂದು ವಾರ ಇರುತ್ತದೆ, ಒಗೆದರೆ ಮಸುಕಾಗುತ್ತದೆ. ಆಮೇಲೆ ಸೂಜಿಮೊನೆ ಅಕ್ಕ ಫೋನಿನಲ್ಲಿ ಹೇಳಿದ ಮಾತು ದಾರಿ ತೋರಿಸಿತು: ಒಂದೇ ದಿನ ಒಬ್ಬನೇ ಹೊಲಿದ ಎರಡು ಅಂಗಿಗಳಲ್ಲೂ ಪಟ್ಟೆಗಳು ಒಂದೇ ಕಡೆ ಸೇರುವುದಿಲ್ಲ. ನನ್ನ ಜೆರ್ಸಿಯ ಎಡತೋಳಿನ ಜೋಡುಹೊಲಿಗೆಯಲ್ಲಿ ಹಸಿರು ಪಟ್ಟೆಯ ಎರಡು ತುದಿಗಳು ಅರ್ಧ ಬೆರಳಿನಷ್ಟು ಮೇಲೆಕೆಳಗಾಗಿವೆ. ಬೆನ್ನ ಮೇಲಿನ ಮೊದಲ ಅಂಕಿಯ ಎಡ ಅಂಚು ಜಾಲರಿ ಬಟ್ಟೆಯ ತೂತುಗಳ ಸಾಲಿಗೆ ನೆಟ್ಟಗಿಲ್ಲ, ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಒಂದು ಸಾಲು ದಾಟಿ ಓರೆಯಾಗಿದೆ. ಇವೆರಡೂ ಜೆರ್ಸಿ ಹುಟ್ಟಿದ ದಿನವೇ ಆದವು, ಒಗೆತಕ್ಕೆ ಹೋಗುವಂತಹವಲ್ಲ.

ಪ್ರಸಿದ್ಧ ಆಟಗಾರನ ಎರಡೂ ಋತುಗಳ ಚಿತ್ರಗಳಲ್ಲಿ ಪಟ್ಟೆ ಸರಿಯಾಗಿ ಸೇರಿದೆ. ಒಂದರಲ್ಲೂ ಓರೆ ಅಂಕಿ ಇಲ್ಲ. ಆ ರಕ್ಷಣಾ ಆಟಗಾರನ ಎರಡನೆಯ ಋತುವಿನ ಒಂದು ಚಿತ್ರದಲ್ಲಿ ಅವನು ಪಕ್ಕಕ್ಕೆ ತಿರುಗಿ ಬೆಂಚಿನ ಕಡೆ ಹೋಗುತ್ತಿದ್ದಾನೆ. ಪಟ್ಟೆ ಮೇಲೆಕೆಳಗಾಗಿದೆ. ಅಂಕಿ ಓರೆಯಾಗಿದೆ. ಮೂರನೆಯ ಋತುವಿನ ಎರಡು ಚಿತ್ರಗಳಲ್ಲಿ ಎಡ ಮೊಣಕೈಯ ಹೊಲಿಗೆಯೂ ಇದೆ, ನನ್ನ ಕೈಯಲ್ಲಿರುವ ಜೆರ್ಸಿಯಲ್ಲಿ ಎಲ್ಲಿದೆಯೋ ಅಲ್ಲೇ, ಅದೇ ಓರೆಯಲ್ಲಿ.

ದೀಪದಡಿಯೂ ನೋಡಿದೆ. ಸಂಖ್ಯೆಯ ನೂಲು ಮಂಕಾಗಿದೆ, ಹೆಸರಿನ ಪಟ್ಟಿಯ ನೂಲು ನೀಲಿಯಾಗಿ ಹೊಳೆಯುತ್ತದೆ. ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿದಳು. ಆ ಮೊಣಕೈ ಹೊಲಿಗೆಯನ್ನು ಚಿತ್ರದಲ್ಲಿ ಮೊದಲು ಗುರುತಿಸಿದವಳು ಅವಳೇ.

ಹುರಿಯಾಳು, ಆನ್ ಆರ್ಬರ್
ಶನಿವಾರ, ಬೆಳಿಗ್ಗೆ 7:00

ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ನಾನು ಎಷ್ಟೋ ಜನರ ಹೋಲಿಕೆಗಳನ್ನು ನೋಡಿದ್ದೇನೆ, ಇದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಹುಟ್ಟಿನ ಗುರುತು ಎರಡು, ಗಾಯದ ಗುರುತು ಒಂದು. ಅಷ್ಟು ಸಾಕು.

ಮಾರಿದವರಿಗೆ ಬರೆಯುವಾಗ ಒಂದು ಎಚ್ಚರಿಕೆ. ನಿಮಗೆ ಗೊತ್ತಾಗಿರುವುದು ಹೆಸರಿನ ಪಟ್ಟಿ ಆಮೇಲೆ ಬಂದದ್ದು ಎಂದಷ್ಟೆ. ಯಾರು ಹೊಲಿದರು ಎಂದು ಗೊತ್ತಾಗಿಲ್ಲ. ಯಾವನೋ ಅಭಿಮಾನಿ ತನ್ನ ಮೆಚ್ಚಿನ ಆಟಗಾರನ ಹೆಸರನ್ನು ಪ್ರೀತಿಯಿಂದ ಹಾಕಿಸಿಕೊಂಡು, ಅವನು ತೀರಿಹೋದ ಮೇಲೆ ಮನೆಯವರು ತಿಳಿಯದೆ ಮಾರಿರಬಹುದು. ಮೋಸ ಎಂಬ ಪದ ಬಳಸಬೇಡಿ. ಚಿತ್ರಗಳನ್ನು ಕಳುಹಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿ.

ಬಿಳಿಮಂಜು, ಮಿನಿಯಾಪೊಲಿಸ್
ಮಂಗಳವಾರ, ಸಂಜೆ 6:20

ಮಾರಿದವರ ಉತ್ತರ ಬಂತು. ಗೋದಾಮು ಖಾಲಿ ಮಾಡುವ ಮಾರಾಟವೊಂದರಲ್ಲಿ ಹಲವು ಜೆರ್ಸಿಗಳ ಜೊತೆ ಇದನ್ನು ಕೊಂಡಿದ್ದರಂತೆ, ಹೆಸರು ಆಗಲೇ ಹೀಗೇ ಇತ್ತಂತೆ. ಪೂರ್ತಿ ಹಣ ಹಿಂದಿರುಗಿಸುತ್ತೇನೆ, ಅಥವಾ ಇಟ್ಟುಕೊಳ್ಳುವುದಾದರೆ 650 ಡಾಲರ್ ಹಿಂದೆ ಕೊಡುತ್ತೇನೆ ಎಂದಿದ್ದಾರೆ. ಪ್ರಮಾಣಪತ್ರವನ್ನು ವಾಪಸು ಕೇಳಿದ್ದಾರೆ, ಕಳುಹಿಸುತ್ತಿದ್ದೇನೆ.

ನಾನು ಇಟ್ಟುಕೊಳ್ಳುತ್ತಿದ್ದೇನೆ. 200 ಡಾಲರಿಗೆ, ಮೂರು ಋತು ಒಬ್ಬನೇ ತೊಟ್ಟ, ಛಾಯಾಚಿತ್ರದೊಡನೆ ಹೋಲಿಸಿ ದೃಢವಾದ ಜೆರ್ಸಿ. ಆ ರಕ್ಷಣಾ ಆಟಗಾರ ಎನ್‌ಎಚ್‌ಎಲ್ ತಲುಪಲಿಲ್ಲ. ನೂರಕ್ಕೂ ಹೆಚ್ಚು ಪಂದ್ಯ ಆಡಿ ಪದವಿ ಪಡೆದು ಹೋದ. ಆ 41 ಚಿತ್ರಗಳಲ್ಲಿ ಅವನವಾದ ಹದಿನಾರನ್ನು ನಾನು ದಿನವೂ ನೋಡಿದ್ದೇನೆ. ಹೊಡೆತವನ್ನು ತಡೆಯಲು ಮಂಜಿನ ಮೇಲೆ ಅಡ್ಡ ಬಿದ್ದಿರುವ ಚಿತ್ರಗಳೇ ಐದು. ಬಲತೋಳಿನ ಕಪ್ಪು ಗೀರುಗಳನ್ನು ಈಗ ನೋಡಿದರೆ ಬೇರೆಯೇ ಅನ್ನಿಸುತ್ತದೆ.

ಒಂದು ಸಂದೇಹ. ಸುಳ್ಳು ಹೆಸರಿನ ಪಟ್ಟಿಯನ್ನು ಬಿಚ್ಚಿಬಿಡಲೇ?

ಹುರಿಯಾಳು, ಆನ್ ಆರ್ಬರ್
ಮಂಗಳವಾರ, ರಾತ್ರಿ 8:00

ಬಿಚ್ಚಿ. ಇಂದಲ್ಲ ನಾಳೆ ಇದು ನಿಮ್ಮ ಕೈದಾಟಿ ಹೋಗುತ್ತದೆ. ಆ ಹೆಸರು ಅಲ್ಲಿರುವವರೆಗೆ ಇನ್ನೊಬ್ಬ ಇದೇ ಹಳ್ಳಕ್ಕೆ ಬೀಳುತ್ತಾನೆ.

ಸೂಜಿಮೊನೆ, ಮ್ಯಾಡಿಸನ್
ಮಂಗಳವಾರ, ರಾತ್ರಿ 9:15

ಹುರಿಯಾಳು ಅವರ ಮಾತನ್ನು ಗೌರವಿಸುತ್ತಲೇ ಒಪ್ಪುವುದಿಲ್ಲ. ಪಟ್ಟಿಯನ್ನು ಬಿಚ್ಚಿದರೆ ಸಾಕ್ಷಿಯೇ ಹೋಗುತ್ತದೆ. ಆ ಬಿಳುಪು, ಆ ನೂಲಿನ ತುದಿ, ಒಂದೇ ಸಾಲು ತೂತು, ಇವನ್ನು ನೋಡಿಯೇ ಅಲ್ಲವೇ ನಾವು ನಿಜ ಕಂಡುಕೊಂಡದ್ದು? ಬಿಚ್ಚಿದ ಮೇಲೆ ಬೇರೆಯವನು ಬಂದು, ಇಲ್ಲಿ ಗಿಡ್ಡ ಹೆಸರು ಮೊದಲಿನಿಂದಲೂ ಇತ್ತು ಎಂದರೆ ಏನು ತೋರಿಸುತ್ತೀರಿ? ಬೇಕಿದ್ದರೆ ಒಂದು ತುದಿಯ ಎರಡು ಅಂಗುಲ ಮಾತ್ರ ಬಿಚ್ಚಿ, ಅಡಿಯ ಬಟ್ಟೆ ಕಾಣುವಂತೆ ಬಿಡಿ.

ಬಿಳಿಮಂಜು, ಮಿನಿಯಾಪೊಲಿಸ್
ಬುಧವಾರ, ಬೆಳಿಗ್ಗೆ 7:45

ಅಕ್ಕ ಹೇಳಿದಂತೆ ಎಡತುದಿಯನ್ನು ಮಾತ್ರ ಬಿಚ್ಚಿದೆ. ಅಡಿಯ ಬಟ್ಟೆ ಅಚ್ಚಬಿಳಿ. ಮೂರು ಚಿತ್ರಗಳನ್ನೂ ಪಂದ್ಯದ ದಿನಾಂಕಗಳನ್ನೂ ಮುದ್ರಿಸಿ, ಹುರಿಯಾಳು ಅವರ ಭಯಕ್ಕೆ ಪರಿಹಾರವಾಗಿ, ಈ ಹೆಸರಿನವನು ಇದನ್ನು ತೊಟ್ಟಿಲ್ಲ ಎಂದು ಕೈಬರಹದಲ್ಲಿ ಬರೆದು ಜೆರ್ಸಿಯ ಜೊತೆಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಕಾವೇರಿತೀರ, ವಿರಾಜಪೇಟೆ
ಗುರುವಾರ, ಬೆಳಿಗ್ಗೆ 10:30

ಹತ್ತು ದಿನಗಳಿಂದ ಈ ಚರ್ಚೆಯನ್ನು ಮನೆಮಂದಿಯೆಲ್ಲ ಓದುತ್ತಿದ್ದೇವೆ. ಈಗ ನನ್ನದೂ ಒಂದು ಪ್ರಶ್ನೆ. ನಮ್ಮ ತಂದೆ 1970ರ ದಶಕದಲ್ಲಿ ಕಾಲೇಜಿಗೂ ಆಮೇಲೆ ರಾಜ್ಯಕ್ಕೂ ಹಾಕಿ ಆಡಿದವರು. ಅವರು ಹೋದ ಮೇಲೆ ಟ್ರಂಕಿನಲ್ಲಿ ಹತ್ತಿಬಟ್ಟೆಯ ಎರಡು ಜೆರ್ಸಿ ಸಿಕ್ಕಿದವು. ಎರಡರಲ್ಲೂ ಹೆಸರಿಲ್ಲ, ಬೆನ್ನ ಮೇಲೆ ಸಂಖ್ಯೆ ಮಾತ್ರ. ಒಂದು ಅವರದು, ಇನ್ನೊಂದು ಅವರ ಜೊತೆ ಆಡಿದ ಚಿಕ್ಕಪ್ಪನದು ಎಂದು ಅಮ್ಮ ಹೇಳುತ್ತಾರೆ. ಯಾವುದು ಯಾರದು ಎಂದು ಅವರಿಗೂ ನೆನಪಿಲ್ಲ. ಸಂಖ್ಯೆ ಕಾಣುವಂತಹ ತಂಡದ ಚಿತ್ರ ನಮ್ಮಲ್ಲಿಲ್ಲ. ಮಾರಲು ಅಲ್ಲ, ಅಪ್ಪನದು ಯಾವುದು ಎಂದು ತಿಳಿಯಬೇಕು.

ಸೂಜಿಮೊನೆ, ಮ್ಯಾಡಿಸನ್
ಗುರುವಾರ, ಬೆಳಿಗ್ಗೆ 11:05

ಒಗೆಯಬೇಡಿ, ಇಸ್ತ್ರಿಯನ್ನಂತೂ ಹಾಕಲೇಬೇಡಿ. ಹುಲ್ಲಿನ ಕಲೆ ಇದ್ದರೆ ಇರಲಿ, ಯಾವ ಮೊಣಕೈ ಹೆಚ್ಚು ಸವೆದಿದೆ ನೋಡೋಣ. ಆ ಕಾಲದಲ್ಲಿ ಜೆರ್ಸಿ ದೊಗಳೆಯಾದರೆ ಮನೆಯಲ್ಲೇ ಮಡಿಚಿ ಹೊಲಿದುಕೊಳ್ಳುತ್ತಿದ್ದರು. ಅಮ್ಮನೋ ಅಜ್ಜಿಯೋ ಹೊಲಿದಿದ್ದರೆ ಅವರ ಕೈಹೊಲಿಗೆ ಮನೆಯ ಬೇರೆ ಹಳೆಯ ಬಟ್ಟೆಗಳಲ್ಲೂ ಇರುತ್ತದೆ, ಹೋಲಿಸಬಹುದು. ಅಪ್ಪನ ಒಂದು ಹಳೆಯ ಅಂಗಿಯನ್ನೂ ಹುಡುಕಿ ತೆಗೆದಿಡಿ, ಭುಜದ ಅಳತೆ ಬೇಕಾಗುತ್ತದೆ. ಮೊದಲು ಎರಡೂ ಜೆರ್ಸಿಗಳನ್ನು ತಿರುವಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಒಳಮೈಯ ಚಿತ್ರ ಕಳುಹಿಸಿ.